ನಾನು ಬಂಡೆಯೆಂದ ಗುಡ್ಡ

ಇದನ್ನು ಬರೆಯಬೇಕೆಂದುಕೊಂಡು ಎಷ್ಟು ಕಾಲವಾಯಿತೆಂದು ಹೇಳಿದರೆ ನೀವು ನಗುತ್ತೀರಿ. ಕೆಲಸದಲ್ಲಿದ್ದಾಗ ನಿವೃತ್ತಿಯಾಗಲಿ ಎಂದುಕೊಂಡೆ. ನಿವೃತ್ತಿಯಾದ ಮೇಲೆ, ಭಾವ ಇರುವವರೆಗೆ ಬೇಡ ಎಂದುಕೊಂಡೆ. ಭಾವ ಹೋದರು, ಅಕ್ಕ ನೊಂದುಕೊಳ್ಳುತ್ತಾಳೆಂದು ಇನ್ನಷ್ಟು ಮುಂದೆ ತಳ್ಳಿದೆ. ಅಕ್ಕನೂ ಹೋದಳು. ಆಮೇಲೆ ಕಣ್ಣಿಗೆ ಪೊರೆ ಬಂತು, ಪೊರೆ ತೆಗೆಸಿದ್ದಾಯಿತು, ಹೊಸ ಕನ್ನಡಕವೂ ಬಂತು. ಈಗ ಎಲ್ಲವೂ ಬೇಡವೆಂದರೂ ಸ್ಪಷ್ಟವಾಗಿ ಕಾಣುತ್ತದೆ. ನೆಪಗಳು ಮುಗಿದುಹೋದ ಮುದುಕ ಅಪಾಯದ ಮನುಷ್ಯ, ನೋಡಿ. ಅವನ ಪಕ್ಕ ಕೂತವರು ಕೇಳಲೇಬೇಕು.

ನಮ್ಮ ಬೀದಿಯ ತುದಿಯಲ್ಲಿ, ಹೊಂಗೆ ಮರದ ಕೆಳಗೆ, ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ದೊಡ್ಡಬಳ್ಳಾಪುರಕ್ಕೆ ಗ್ಯಾಸಿನ ಇಸ್ತ್ರಿಪೆಟ್ಟಿಗೆ, ಕರೆಂಟಿನ ಇಸ್ತ್ರಿಪೆಟ್ಟಿಗೆ ಎಲ್ಲ ಬಂದಿವೆ. ಈತ ಮಾತ್ರ ಇದ್ದಿಲು ಬಿಟ್ಟಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಅಂಗಿ ಕೊಡಲು ಹೋದಾಗ ಪೆಟ್ಟಿಗೆಯ ಮುಚ್ಚಳ ತೆರೆದು ರಟ್ಟಿನ ಚೂರಿನಿಂದ ಗಾಳಿ ಹಾಕುತ್ತಿದ್ದ. ಬೂದಿ ಹಾರಿ ಒಳಗಿನ ಕೆಂಡ ಕಾಣಿಸಿತು. ಆ ವಾಸನೆ ಬಂದರೆ ನಾನು ಗಾಡಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಹಾಗಾದರೆ ಇಸ್ತ್ರಿ ಅಂಗಿಯನ್ನೇ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಡಲಿಲ್ಲ. ಮೊದಲ ಸಂಬಳ ಕೈಗೆ ಬಂದ ದಿನದಿಂದ ಅವತ್ತಿನವರೆಗೂ ಗೆರೆ ಮುರಿದ ಅಂಗಿ ತೊಟ್ಟು ಹೊಸ್ತಿಲು ದಾಟಿದವನಲ್ಲ ನಾನು. ಪಶ್ಚಾತ್ತಾಪ ಮತ್ತು ಶೋಕಿ ಒಂದೇ ಮನೆಯಲ್ಲಿ ಜಗಳವಾಡದೆ ಬಾಳುತ್ತವೆ ಎಂಬುದಕ್ಕೆ ನಾನೇ ಸಾಕ್ಷಿ.

ಅಂಗಿ ಕೊಟ್ಟು ಮನೆಗೆ ಬಂದರೆ ಜಗಲಿಯ ಮೇಲೆ ಅಕ್ಕನ ಮಗ ಕೂತಿದ್ದ. ಅವನ ಜೊತೆಯಲ್ಲಿ ಬೆಂಗಳೂರಿನ ಒಬ್ಬ ಹುಡುಗಿ, ಮೊಣಕಾಲ ಮೇಲೆ ಸ್ಲೇಟಿನಂಥ ಕಂಪ್ಯೂಟರು. ಅಕ್ಕನ ಊರಿನ ಪಕ್ಕದ ದಿಂಡಿಗದ ಗುಡ್ಡದ ಮೇಲೆ ಇವರ ಕಂಪನಿ ಗಿಡ ನೆಡುತ್ತದಂತೆ. ಮರ ಬೆಳೆಯುತ್ತ ಗಾಳಿಯಲ್ಲಿನ ಇಂಗಾಲವನ್ನು ಮೈಯೊಳಗೆ ಇಟ್ಟುಕೊಳ್ಳುತ್ತದೆ, ಹೊಗೆ ಬಿಡುವ ಕಾರ್ಖಾನೆಯವರು ದೂರದಿಂದಲೇ ಅದಕ್ಕೆ ದುಡ್ಡು ಕೊಡುತ್ತಾರೆ, ಊರಿಗೂ ಒಂದು ಪಾಲು ಬರುತ್ತದೆ. ಅವಳು ತಾಳ್ಮೆಯಿಂದ, ಮೊಮ್ಮಗಳು ಹೇಳುವ ಹಾಗೆ ಹೇಳಿದಳು. ಉಪಗ್ರಹದ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದಳು. ಈ ವರ್ಷದ್ದು, ಅದಕ್ಕೂ ಹಿಂದಿನದು, ಇನ್ನೂ ಹಿಂದಿನದು. ಕೊನೆಗೆ ಒಂದು ಮಸುಕು ಚಿತ್ರದ ಮುಂದೆ ನಿಂತಳು.

"ನಮಗೆ ಸಿಕ್ಕಿದ್ದರಲ್ಲಿ ಇದೇ ಹಳೇದು ತಾತ. ಎಪ್ಪತ್ತರ ದಶಕದ್ದು. ನೋಡಿ, ಆಗಲೂ ಅಲ್ಲಿ ಬರೀ ಬಂಡೆ. ಹಳೇ ನಕ್ಷೆಯಲ್ಲೂ ಬಂಡೆ ಅಂತಲೇ ಇದೆ."

ಕೆಂಪು ಚಿತ್ರದ ನಡುವೆ ಒಂದು ಬಿಳಿಚಿದ ಮಚ್ಚೆ. ಹಿಂದೆಂದೋ ಸಾಲ ಕೊಟ್ಟವನು ದಾರಿಯಲ್ಲಿ ಎದುರಾದರೆ ಗುರುತಿಸುವ ಹಾಗೆ ನಾನು ಅದನ್ನು ಗುರುತಿಸಿದೆ.

ಹಿಂದೆ ಕಾಡಿದ್ದು ಕಡಿದ ಜಾಗವಾದರೆ, ಕಡಿದವರೇ ನೆಟ್ಟು ದುಡ್ಡು ಕೇಳುತ್ತಾರೆಂದು ಅವರ ಲೆಕ್ಕಕ್ಕೆ ತೊಡಕು. ಯಾವತ್ತೂ ಮರವಿರಲಿಲ್ಲ ಎನ್ನುವುದಾದರೆ ಸಲೀಸು. ಅದನ್ನು ಊರು ಬಲ್ಲ ಹಿರಿಯರೊಬ್ಬರು ಕ್ಯಾಮೆರಾದ ಮುಂದೆ ಹೇಳಬೇಕು. ನನ್ನ ಅಳಿಯ ಎದೆಯುಬ್ಬಿಸಿದ. "ನಮ್ಮ ಮಾವ ಆವತ್ತು ಅದೇ ಕೆಲಸದಾಗೆ ಇದ್ರು ಮೇಡಂ. ಆ ನಕ್ಷೆಗೆ ಗುಡ್ಡ ತೋರಿಸಿದ್ದೇ ಇವ್ರು. ಇನ್ಯಾವ ಸಾಕ್ಷಿ ಬೇಕು?"

ನಿಜವೇ. ತೋರಿಸಿದ್ದು ನಾನೇ. ಬರುವ ಭಾನುವಾರ ಗುಡ್ಡದ ಹತ್ತಿರವೇ ಬರುತ್ತೇನೆ, ಒಳ್ಳೆಯ ಅಂಗಿ ಇಸ್ತ್ರಿಗೆ ಹೋಗಿದೆ ಎಂದೆ. ಎಲ್ಲ ನೆಪಗಳೂ ಮುಗಿದುವೆಂದು ಮೇಲೆ ಹೇಳಿದೆನಲ್ಲ, ಇದೊಂದು ಮೂಲೆಯಲ್ಲಿ ಉಳಿದಿತ್ತು.

ದಿಂಡಿಗವೆಂದರೆ ಒಂದು ಮರ. ಬಿಳಿಚು ತೊಗಟೆ, ಸಣ್ಣ ಎಲೆ, ಕಬ್ಬಿಣದಂಥ ಮೈ. ಅಕ್ಕನ ಊರಿನ ಈಗಿನ ಹುಡುಗರು ದಿನಕ್ಕೆ ಹತ್ತು ಸಲ ದಿಂಡಿಗದ ಗುಡ್ಡ ಎನ್ನುತ್ತಾರೆ. ದಿಂಡಿಗವೆಂದರೆ ಯಾವುದೋ ಮುನೇಶ್ವರನ ಹೆಸರಿರಬೇಕು ಎಂದುಕೊಂಡಿದ್ದಾರೆ. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಅಕ್ಕನ ಮನೆಗೆ ಹೋದರೆ ಆ ಗುಡ್ಡದಲ್ಲಿ ದನ ಕಾಯುವವರ ಹಿಂದೆ ಅಲೆಯುತ್ತಿದ್ದೆ. ದಿಂಡಿಗ, ಕಗ್ಗಲಿ, ಕಕ್ಕೆ, ಕೆಳಗೆ ಕಾರೆಮುಳ್ಳಿನ ಪೊದೆ. ಮಲೆನಾಡಿನವರು ಕಂಡರೆ ಇದನ್ನು ಕಾಡೆನ್ನುತ್ತಾರಾ ಎಂದು ನಗುತ್ತಿದ್ದರೇನೋ. ನಗಲಿ. ಮುಳ್ಳು ಚುಚ್ಚಿಸಿಕೊಂಡು ಕಾರೆಹಣ್ಣು ತಿಂದವರಿಗೆ ಅದು ಕಾಡೇ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನು ಭಾವ ಯಾರನ್ನೋ ಹಿಡಿದು ಬೆಂಗಳೂರಿನ ಒಂದು ನಕ್ಷೆ ಆಫೀಸಿಗೆ ದಿನಗೂಲಿ ಸಹಾಯಕನಾಗಿ ಸೇರಿಸಿದರು. ಬೆಳಗಿನ ಪ್ಯಾಸೆಂಜರ್ ರೈಲು, ಸಂಜೆಯ ಪ್ಯಾಸೆಂಜರ್ ರೈಲು. ಅಲ್ಲಿ ವಿಮಾನದಿಂದ ತೆಗೆದ ನೆಲದ ಫೋಟೋಗಳಿದ್ದವು. ಒಂದೇ ಜಾಗದ ಎರಡು ಫೋಟೋ ಪಕ್ಕಪಕ್ಕ ಇಟ್ಟು, ಸ್ಟೀರಿಯೋಸ್ಕೋಪ್ ಎಂಬ ಎರಡು ಗಾಜಿನ ಯಂತ್ರದೊಳಗೆ ಕಣ್ಣಿಟ್ಟರೆ ಗುಡ್ಡ ಗುಡ್ಡವಾಗಿ ಎದ್ದು ನಿಲ್ಲುತ್ತಿತ್ತು. ಮೊದಲ ದಿನ ನಾನು ಕಣ್ಣಿಟ್ಟಾಗ ಮೂಗಿಗೇ ತಗುಲುವಂತೆ ಒಂದು ಬೆಟ್ಟ ಮೇಲೆದ್ದು ಬಂತು. ತಲೆ ಹಿಂದಕ್ಕೆಳೆದ ರಭಸಕ್ಕೆ ಸ್ಟೂಲಿನಿಂದ ಬಿದ್ದೆ. ಪಕ್ಕದ ಮೇಜಿನವನು ತಲೆ ಎತ್ತದೆಯೇ ಹೇಳಿದ: "ದೂರ ಕೂತ್ಕೊಳ್ಲಾ ಬಳ್ಳಾಪುರ, ಗುಡ್ಡ ಹಾಯ್ತದೆ."

ಅವನೇ ನನ್ನ ಜೊತೆಗಾರ. ನನ್ನ ಹಾಗೆ ದಿನಗೂಲಿ, ನನ್ನದೇ ವಯಸ್ಸು, ತ್ಯಾಮಗೊಂಡ್ಲು ಕಡೆಯವನು. ಆ ಆಫೀಸಿನಲ್ಲಿ ಸಹಾಯಕರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಬಸ್ಸಿನ ಬೋರ್ಡಿನ ಹಾಗೆ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಬಳ್ಳಾಪುರ, ಟೀ ತಗೊಂಡು ಬಾ. ಹೊಸಕೋಟೆ, ಕಿಟಕಿ ಹಾಕು. ನನಗೆ ಅದು ಬೇಸರವೆನಿಸಲಿಲ್ಲ. ಒಂದು ತಾಲ್ಲೂಕೇ ನನ್ನ ಹೆಸರಿನಲ್ಲಿದೆಯಲ್ಲ ಎಂಬ ಸಣ್ಣ ಜಂಬ ಬೇರೆ. ಅವನಿಗೆ ಮಾತ್ರ ಸಹಿಸಲಾಗುತ್ತಿರಲಿಲ್ಲ. ಸಾಹೇಬರು ತ್ಯಾಮಗೊಂಡ್ಲು ಎಂದು ಕೂಗಿದಾಗಲೆಲ್ಲ ಎದ್ದು ನಿಂತು, "ಅದು ನಮ್ಮೂರು ಸಾರ್, ನಾನಲ್ಲ" ಎಂದು ಹೇಳಿ, ಅಪ್ಪ ಅಮ್ಮ ಇಟ್ಟ ಹೆಸರನ್ನು ಬಿಡಿಸಿ ಹೇಳುತ್ತಿದ್ದ. ಸಾಹೇಬರು ಕೆಟ್ಟವರೇನಲ್ಲ. ಆದರೆ ದಿನವೂ ತಿದ್ದಿಸಿಕೊಳ್ಳುವುದು ಯಾವ ಸಾಹೇಬರಿಗೆ ಹಿಡಿಸುತ್ತದೆ? ನಾನೂ ಸದ್ಯಕ್ಕೆ ಅವನನ್ನು ತ್ಯಾಮಗೊಂಡ್ಲು ಎಂದೇ ಕರೆಯುತ್ತೇನೆ. ಆ ಹೆಸರು ನನ್ನ ಬಾಯಿಂದ ಹೊರಡದೆ ಎಷ್ಟೋ ವರ್ಷವಾಗಿದೆ; ಹೊರಡಿಸಲು ಸ್ವಲ್ಪ ಸಮಯ ಕೊಡಿ.

ಎಪ್ಪತ್ತರ ದಶಕದ ನಡುವೆ ಆಫೀಸಿಗೆ ಉಪಗ್ರಹದ ಚಿತ್ರಗಳು ಬಂದವು. ಒಂದೇ ಹಾಳೆಯಲ್ಲಿ ಜಿಲ್ಲೆಗೆ ಜಿಲ್ಲೆಯೇ. ಕೆರೆಗಳೆಲ್ಲ ಕಪ್ಪು, ಹಸಿರೆಲ್ಲ ಕೆಂಪು. ಎಲೆ ಚೆನ್ನಾಗಿದ್ದಷ್ಟೂ ಕೆಂಪು ಜಾಸ್ತಿ, ಆ ಕ್ಯಾಮೆರಾದ ಕಣ್ಣೇ ಹಾಗೆ ಎಂದು ಸಾಹೇಬರು ವಿವರಿಸಿದರು. ತ್ಯಾಮಗೊಂಡ್ಲು ನನ್ನ ಕಿವಿಯಲ್ಲಿ, ಮೇಲಿಂದ ಯಾರೋ ನೋಡ್ತಾ ಅವ್ರೆ ಅಂತ ಮರಗಳು ನಾಚ್ಕೊಂಡವೆ ಎಂದ. ಇಬ್ಬರೂ ನಕ್ಕು ಬೈಸಿಕೊಂಡೆವು. ಊರಿಗೆ ಹೋಗಿ ಅಮ್ಮನಿಗೆ ಹೇಳಿದರೆ, ಹಸಿರನ್ನು ಕೆಂಪು ಅಂತ ತೋರಿಸೋ ಯಂತ್ರಕ್ಕೆ ಯಾಕೋ ಅಷ್ಟು ದುಡ್ಡು ಸುರೀತಾರೆ ಎಂದಳು.

ನಮ್ಮ ಕೆಲಸವೆಂದರೆ ಹಳೆಯ ವಿಮಾನದ ಫೋಟೋವನ್ನೂ ಹೊಸ ಚಿತ್ರವನ್ನೂ ಪಕ್ಕದಲ್ಲಿಟ್ಟುಕೊಂಡು, ಎಲ್ಲಿ ಕಾಡು ಹೋಗಿದೆ ಎಂದು ಹುಡುಕುವುದು. ಅನುಮಾನ ಬಂದ ಕಡೆ ಜೀಪಿನಲ್ಲಿ ಹೋಗಿ ಕಣ್ಣಾರೆ ನೋಡಿ ಬರುವುದು. ಒಂದು ಮಧ್ಯಾಹ್ನ ತ್ಯಾಮಗೊಂಡ್ಲು ನನ್ನನ್ನು ಕರೆದ. ಹಳೆಯ ಫೋಟೋದಲ್ಲಿ ದಿಂಡಿಗದ ಗುಡ್ಡ ಕುರಿಯ ಬೆನ್ನಿನ ಹಾಗೆ ಮಂದವಾಗಿ, ಕಪ್ಪಗೆ ಇತ್ತು. ಹೊಸದರಲ್ಲಿ ಮೂಡಣ ಮಗ್ಗುಲು ಪೂರಾ ಬಿಳಿಚಿಕೊಂಡಿತ್ತು. "ನಿಮ್ಮ ಕಡೆ ಗುಡ್ಡ ಅಲ್ವೇನ್ಲಾ ಇದು? ಉಣ್ಣೆ ಕತ್ತರಿಸಿಬಿಟ್ಟವ್ರೆ ನೋಡು." ಸಾಹೇಬರು ಬಂದು ನೋಡಿದರು. ಆ ಹಳೆಯ ಫೋಟೋದಲ್ಲಿ ಗುಡ್ಡದ ಆ ಮಗ್ಗುಲಿಗೆ ಮೋಡದ ನೆರಳು ಬಿದ್ದು, ಕಪ್ಪಗಿರುವುದು ಮರವೋ ನೆರಳೋ ಎಂಬ ಅನುಮಾನಕ್ಕೆ ಸ್ವಲ್ಪ ಎಡೆಯಿತ್ತು. ಆದ್ದರಿಂದ ಬಿಳಿಚಿದ್ದರ ಸುತ್ತ ಪೆನ್ಸಿಲಿನಿಂದ ಸುತ್ತು ಹಾಕಿ, ನಾಳಿದ್ದು ಹೋಗಿ ನೋಡೋಣ ಎಂದರು.

ಮೂಡಣ ಮಗ್ಗುಲನ್ನು ಯಾರು ಕತ್ತರಿಸಿದರು ಎಂಬುದು ನನಗೆ ಗೊತ್ತಿತ್ತು. ನನ್ನ ಭಾವ. ಒಣಗಿ ಬಿದ್ದ ಮರವನ್ನು ಆರಿಸಿಕೊಂಡು ಇದ್ದಿಲು ಸುಡಲು ಅವರಿಗೆ ಕಂಟ್ರಾಕ್ಟು ಸಿಕ್ಕಿತ್ತು. ಬಿದ್ದ ಮರ ಎಷ್ಟು ದಿನ ಸಾಕಾಗುತ್ತದೆ? ನಿಂತವನ್ನು ಬೀಳಿಸಿದರೆ ಅವೂ ಬಿದ್ದ ಮರಗಳೇ. ಗುಡ್ಡದ ಮೇಲೆ ಮಣ್ಣು ಮುಚ್ಚಿದ ಗೂಡುಗಳು ಹೊಗೆಯಾಡುತ್ತಿದ್ದವು. ಇದ್ದಿಲಿನ ಮೂಟೆಗಳು ಲಾರಿ ಹತ್ತಿ ಬೆಂಗಳೂರಿನ ಹೋಟೆಲಿನ ಒಲೆಗೆ, ಇಸ್ತ್ರಿಪೆಟ್ಟಿಗೆಗೆ ಹೋಗುತ್ತಿದ್ದವು. ಮರದೊಳಗಿದ್ದದ್ದು ಹೇಗೆ ಗಾಳಿಗೆ ಹೋಗುತ್ತದೆ ಎಂದು ಆ ಹುಡುಗಿ ನನಗೆ ವಿವರಿಸಿದಾಗ ನಾನು ಸುಮ್ಮನೆ ತಲೆಯಾಡಿಸಿದೆ. ನನಗೆ ಗೊತ್ತಿಲ್ಲವೇ? ಒಂದು ಇಡೀ ಗುಡ್ಡವನ್ನು ಬೆಂಗಳೂರಿನವರು ಅಂಗಿಯ ಗೆರೆ ಮಾಡಿಕೊಂಡು ತೊಟ್ಟರು. ಅದರಲ್ಲಿ ನನ್ನ ಅಂಗಿಯೂ ಒಂದು.

ಮಾರನೆಯ ಸಂಜೆ ಅಕ್ಕನ ಮನೆಗೆ ಹೋದೆ. ಎಚ್ಚರಿಸಲು ಹೋದೆನೋ, ಜಂಬ ಕೊಚ್ಚಲು ಹೋದೆನೋ, ಇವತ್ತಿಗೂ ತೀರ್ಮಾನವಾಗಿಲ್ಲ. ಅಕ್ಕ ಮುದ್ದೆ, ಹುರುಳಿ ಬಸ್ಸಾರು ಬಡಿಸಿದಳು. ಆಕಾಶದಿಂದ ನೆಲ ನೋಡುವ ವಿದ್ಯೆಯ ಬಗ್ಗೆ ನಾನು ಮೇಷ್ಟರ ಹಾಗೆ ಮಾತಾಡಿದೆ. ಭಾವ ಕೇಳುತ್ತ ಕೇಳುತ್ತ, ಅಷ್ಟು ಮೇಲಿಂದ ಎಲ್ಲ ಬಿಡಿಸಿ ಕಾಣುತ್ತದಾ ಎಂದರು. ಎಲ್ಲವೂ ಕಾಣುವುದಿಲ್ಲ, ಅದನ್ನು ಓದಲು ತಿಳಿದವರು ಬೇಕು ಎಂದೆ. ಬೋಳು ಬಂಡೆಯೂ ಮರ ಕಡಿದ ಬರಡು ನೆಲವೂ ಅಲ್ಲಿ ಒಂದೇ ಬಿಳಿಚು ಬಣ್ಣ, ನೆಲದ ಮೇಲಿದ್ದವನು ಹೇಳಿದರಷ್ಟೇ ಯಾವುದು ಏನೆಂದು ಗೊತ್ತಾಗುವುದು ಎಂದು ಬೆರಳೆತ್ತಿ ಹೇಳಿದೆ. ಭಾವ ಎರಡನೆಯ ಮುದ್ದೆ ಮುರಿಯುತ್ತ ತಣ್ಣಗೆ ಕೇಳಿದರು:

"ನೆಲದ ಮ್ಯಾಲೆ ಇರೋನು ನೀನೇ ಅಲ್ವೇನಪ್ಪಾ?"

ಅಷ್ಟೇ. ಹೆದರಿಸಲಿಲ್ಲ, ಬೇಡಿಕೊಳ್ಳಲಿಲ್ಲ, ಕೆಲಸ ಕೊಡಿಸಿದ್ದು ತಾನೆಂದು ನೆನಪಿಸಲಿಲ್ಲ. ಅಕ್ಕ ಸಾರು ಬಡಿಸಲು ಬಂದವಳು ಸೌಟು ಹಿಡಿದು ನಿಂತೇ ಇದ್ದಳು. ಸುಳ್ಳು ಹೇಳುವುದು ಹೇಗೆಂದು ಭಾವನಿಗೆ ಕಲಿಸಿಕೊಟ್ಟವನು ನಾನೇ. ಅವರು ಪಾಠ ಒಪ್ಪಿಸಿದರು, ಅಷ್ಟೆ.

ಜೀಪು ಗುಡ್ಡದ ಬುಡಕ್ಕೆ ಬಂದಾಗ ಬಿಸಿಲು ಏರಿತ್ತು. ಅಲ್ಲಿಂದ ಮೂಡಣ ಮಗ್ಗುಲು ಕಾಣುವುದಿಲ್ಲ, ಸುತ್ತಿ ಹತ್ತಬೇಕು. ಸಾಹೇಬರಿಗೆ ಮಂಡಿ ನೋವು. ನೀವಿಬ್ಬರೂ ಹತ್ತಿ ನೋಡಿ ಬನ್ನಿ ಎಂದರು. ನನ್ನ ಬಾಯಿ ನನಗಿಂತ ಮೊದಲೇ ತಯಾರಾಗಿತ್ತು. ನಾನು ಇದೇ ಗುಡ್ಡದಲ್ಲಿ ಬೆಳೆದವನು ಸಾರ್, ಆ ಮಗ್ಗುಲು ಹಿಂದಿನಿಂದಲೂ ಬೋಳು ಬಂಡೆ, ಹತ್ತುವುದೇ ಬೇಕಿಲ್ಲ ಎಂದೆ. ಸಾಹೇಬರ ಮುಖದಲ್ಲಿ ನೆಮ್ಮದಿ ಕಾಣಿಸಿತು. ತ್ಯಾಮಗೊಂಡ್ಲು ನನ್ನ ಮುಖವನ್ನೊಮ್ಮೆ ನೋಡಿದ. ಪಂಚೆ ಎತ್ತಿ ಕಟ್ಟಿ, ಯಾರ ಮಾತಿಗೂ ಕಾಯದೆ ಹತ್ತಿಬಿಟ್ಟ.

ಅವನು ಇಳಿದು ಬಂದಾಗ ಮೊಣಕೈಯೆಲ್ಲ ಮುಳ್ಳು ಗೀರಿತ್ತು. ಒಂದು ಕೈಯಲ್ಲಿ ಇದ್ದಿಲಿನ ತುಂಡು, ಇನ್ನೊಂದರಲ್ಲಿ ಕಡಿದ ಬುಡದಿಂದ ಹೊಡೆದ ದಿಂಡಿಗದ ಚಿಗುರು. ಜೀಪಿನ ಮೂತಿಯ ಮೇಲೆ ಎರಡನ್ನೂ ಇಟ್ಟು, ಮಗ್ಗುಲು ತುಂಬ ಬುಡಗಳೇ ಸಾರ್, ಬಂಡೆ ಎಲ್ಲೋ ಅಲ್ಲೊಂದು ಇಲ್ಲೊಂದು ಎಂದ.

ಇಲ್ಲಿ ನಿಮ್ಮ ಕರುಣೆ ನನಗೆ ಬೇಡ. ಆಗಿನ್ನೂ ಹುಡುಗ, ಭಾವನ ಹಂಗು ಎಂದು ನೀವು ಹೇಳಲು ಹೊರಟಿದ್ದರೆ ನಿಲ್ಲಿಸಿ. ಬಂಡೆ ಎಂದ ಸುಳ್ಳನ್ನು ಆ ಕ್ಷಣದಲ್ಲಿ ನುಂಗಿಕೊಳ್ಳಬಹುದಿತ್ತು. ತಪ್ಪು ತಿಳಿದಿದ್ದೆ ಸಾರ್ ಎಂದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ. "ಇವನು ಮೇಲಕ್ಕೆ ಹತ್ತೇ ಇಲ್ಲ ಸಾರ್. ಕೆಳಗೆ ತೋಟದ ಬೇಲಿ ಸಾಲಿಂದ ಕಿತ್ಕೊಂಡು ಬಂದವ್ನೆ. ಇದ್ದಲು ಊರಿನ ಯಾವ ಒಲೇಲಾದ್ರೂ ಸಿಗ್ತದೆ."

ಸಾಹೇಬರು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದರು. ನಾನು ಈ ಊರಿನವನು, ಕರೆದ ಹೆಸರಿಗೆ ಓಗೊಡುವವನು. ಅವನು ಹೊರಗಿನವನು, ದಿನವೂ ತಿದ್ದುವವನು. ನನ್ನ ಗೆರೆಯ ಅಂಗಿಯೂ ನನ್ನ ಪರವಾಗಿ ಸಾಕ್ಷಿ ಹೇಳಿರಬೇಕು. ಮಾಡದ ಕೆಲಸವನ್ನು ಮಾಡಿದೆನೆನ್ನುವವರು ನಮಗೆ ಬೇಡ ಎಂದು ಅವರು ಅವನಿಗೆ ಹೇಳಿದರು. ನಾಳೆಯಿಂದ ಬರಬೇಡ ಎನ್ನುವುದಕ್ಕೆ ದಿನಗೂಲಿಯವನ ಹತ್ತಿರ ಅದಕ್ಕಿಂತ ಹೆಚ್ಚು ಮಾತು ಬೇಕಿರಲಿಲ್ಲ.

ಅವನು ಕೈಮುಗಿಯಲಿಲ್ಲ. ದನಿ ಎತ್ತಲಿಲ್ಲ. ನನ್ನ ಹತ್ತಿರಕ್ಕೆ ಬಂದು ಕೇಳಿದ:

"ಬಂಡೆ ಚಿಗುರ್ತದೇನ್ಲಾ?"

ನಾನು ಜೀಪಿನ ಚಕ್ರ ನೋಡುತ್ತಿದ್ದೆ. ಅವನು ಇದ್ದಿಲಿನ ತುಂಡನ್ನು ನನ್ನ ಅಂಗಿಯ ಜೇಬಿಗೆ ಹಾಕಿ, ಮೇಲಿಂದ ಮೆಲ್ಲಗೆ ತಟ್ಟಿದ. "ಇಟ್ಕೋ. ಇಸ್ತ್ರಿಗಾಯ್ತದೆ." ಸಾಹೇಬರು ಬಸ್ ಸ್ಟ್ಯಾಂಡಿನವರೆಗೆ ಜೀಪಿನಲ್ಲಿ ಬಾ ಎಂದರು. ಅವನು ಹತ್ತಲಿಲ್ಲ. ಹೊರಡುವ ಮುನ್ನ ಅವರ ಎದುರು ನೆಟ್ಟಗೆ ನಿಂತು, ದಿನವೂ ಹೇಳುತ್ತಿದ್ದಂತೆ ತನ್ನ ಹೆಸರನ್ನು ಇನ್ನೊಮ್ಮೆ ಪೂರ್ತಿಯಾಗಿ ಹೇಳಿ, ಬಳ್ಳಾಪುರದ ರಸ್ತೆ ಹಿಡಿದು ನಡೆದುಬಿಟ್ಟ. ನಮ್ಮ ಜೀಪು ಅವನನ್ನು ದಾಟಿ ಹೋದಾಗ ಧೂಳಿನೊಳಗೂ ಅವನು ತಲೆ ತಗ್ಗಿಸಲಿಲ್ಲ. ತಗ್ಗಿಸಿದವನು ನಾನು.

ನಕ್ಷೆಯಲ್ಲಿ ಮೂಡಣ ಮಗ್ಗುಲು ಬಂಡೆಯೆಂದು ದಾಖಲಾಯಿತು. ಬಂಡೆಯಾದ ಮೇಲೆ ಅಲ್ಲಿ ಕಳೆದುಹೋಗಲು ಕಾಡೇ ಇಲ್ಲವಲ್ಲ? ಕೆಲವು ವರ್ಷಗಳಲ್ಲಿ ಅದನ್ನು ಕಲ್ಲು ಗಣಿಗೆ ಕೊಟ್ಟರು. ಚಿಗುರುತ್ತಿದ್ದ ಬುಡಗಳನ್ನು ಮಣ್ಣಿನ ಸಮೇತ ಎತ್ತಿ ಹಾಕಿದರು. ಸಿಡಿಮದ್ದಿನ ಸದ್ದಿಗೆ ಅಕ್ಕನ ಮನೆಯ ಗೋಡೆ ಬಿರುಕು ಬಿಟ್ಟಿತು. ಅಕ್ಕ ನನ್ನ ಮುಂದೆ ಆ ಬಿರುಕಿನ ವಿಷಯ ಮಾತ್ರ ಯಾವತ್ತೂ ಎತ್ತಲಿಲ್ಲ. ಸುಳ್ಳು ಹೇಳಿದವರನ್ನು ನಿಜ ಹಿಂದಟ್ಟಿ ಹಿಡಿಯುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನನ್ನ ವಿಷಯದಲ್ಲಿ ನಿಜವೇ ಸೋತು ಸುಳ್ಳಿನ ಹಿಂದೆ ನಡೆಯಿತು. ನಾನು ಬಂಡೆ ಎಂದೆ, ಗುಡ್ಡ ಬಂಡೆಯಾಯಿತು. ನಾನು ಕಾಯಂ ನೌಕರನಾದೆ, ಪೆನ್ಷನ್ ಬಂತು.

ಒಮ್ಮೆ ಕ್ಷಮೆ ಕೇಳಲೆಂದೇ ತ್ಯಾಮಗೊಂಡ್ಲುವಿಗೆ ಹೋಗಿದ್ದೆ. ಬಸ್ಸಿಳಿಯುತ್ತಲೇ ಅವನು ಕಾಣಿಸಿದ. ಹೆಗಲ ಮೇಲೊಂದು ಮಗು, ಯಾರೊಡನೆಯೋ ಗಟ್ಟಿಯಾಗಿ ವಾದ ಮಾಡುತ್ತಿದ್ದ. ನಾನು ಏನು ಮಾಡಿದೆ ಗೊತ್ತೇ? ತೆಂಗಿನಕಾಯಿ ರಾಶಿಯ ಹಿಂದೆ ಕೂತು, ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವವನಂತೆ ನಟಿಸಿ, ಅದೇ ಬಸ್ಸು ತಿರುಗಿದಾಗ ಹತ್ತಿ ವಾಪಸಾದೆ. ಎಷ್ಟೋ ವರ್ಷಗಳ ಮೇಲೆ ಮತ್ತೆ ಹೋಗಿ ವಿಚಾರಿಸಿದರೆ, ಅವ್ರು ತೀರ್ಹೋಗಿ ಬಾಳ ದಿವ್ಸ ಆಯ್ತಲ್ಲ ಸ್ವಾಮಿ, ನೀವು ಏನಾಗಬೇಕು ಅವ್ರಿಗೆ ಎಂದು ಅಂಗಡಿಯವನು ಕೇಳಿದ. ಏನಾಗಬೇಕು? ಒಂದು ಬೆಂಕಿಪೊಟ್ಟಣ ಕೊಂಡು ಬಂದೆ.

ಭಾನುವಾರ ಬಂತು. ಇಸ್ತ್ರಿಯವನು ಅಂಗಿ ತಂದುಕೊಟ್ಟಿದ್ದ. ಅದನ್ನು ಹಾಗೇ ಮಡಿಸಿಟ್ಟು, ಹಗ್ಗದ ಮೇಲೆ ಒಣಗಿದ್ದ ಅಂಗಿಯನ್ನು ಕೊಡವಿ ತೊಟ್ಟುಕೊಂಡೆ. ಗುಡ್ಡದ ಬುಡದಲ್ಲಿ ಅಳಿಯ, ಊರಿನ ನಾಲ್ಕು ಜನ, ಕ್ಯಾಮೆರಾ ಹಿಡಿದ ಹುಡುಗಿ. ಗಣಿ ನಿಂತು ವರ್ಷಗಳಾಗಿವೆ. ಅರ್ಧ ಗುಡ್ಡ ಹಲ್ಲು ಕಿತ್ತ ದವಡೆಯ ಹಾಗೆ ನಿಂತಿತ್ತು. ಹಿಂದಿನಿಂದಲೂ ಇಲ್ಲಿ ಬರೀ ಬಂಡೆ ಅಂದ್ರೆ ಸಾಕು ಮಾವ, ಒಂದೇ ಮಾತು ಎಂದು ಅಳಿಯ ಕಿವಿಯಲ್ಲಿ ಹೇಳಿದ.

ಆ ಒಂದೇ ಮಾತನ್ನು ನಾನು ಹೇಳಲಿಲ್ಲ. ಇದು ಕಾಡಾಗಿತ್ತು ಎಂದೆ. ಯಾವ ಮರ, ಯಾವ ಮಗ್ಗುಲು, ಯಾರು ಕಡಿಸಿದರು, ಯಾರು ಬಂಡೆ ಎಂದು ಬರೆಸಿದರು, ಎಲ್ಲ ಹೇಳಿದೆ. ಊರಿನವರು ಗೊಣಗಿದರು. ಇಷ್ಟು ವರ್ಷ ಸುಮ್ಮನಿದ್ದು ಈಗ ಊರಿನ ಅನ್ನಕ್ಕೆ ಕಲ್ಲು ಹಾಕಬೇಕಿತ್ತಾ ಈ ಮುದುಕ ಎಂದು ಒಬ್ಬ ಕೇಳಿಸುವ ಹಾಗೆಯೇ ಅಂದ. ಅವನ ಮಾತಿನ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಳಿಯನ ಮುಖ ಕಪ್ಪಿಟ್ಟಿತ್ತು.

"ಸತ್ತಿರೋ ನಮ್ಮಪ್ಪನ್ನ ಯಾಕೆ ಎಳೀತೀರ ಮಾವ?"

"ನಿಮ್ಮಪ್ಪ ಮರ ಕಡಿದ್ರು ಕಣಪ್ಪಾ. ಇಲ್ಲಿ ಮರವೇ ಇರ್ಲಿಲ್ಲ ಅಂದೋನು ನಾನು. ಗಿಡ ನೆಡಿ, ನಾನೂ ಗುಂಡಿ ತೋಡಕ್ಕೆ ಬರ್ತೀನಿ. ಆದ್ರೆ ಇಲ್ಲೇನೂ ಇರ್ಲಿಲ್ಲ ಅಂತ ಇನ್ನೊಂದ್ಸಾರಿ ನನ್ನ ಬಾಯಲ್ಲಿ ಬರಲ್ಲ. ಬೇಕಾದ್ರೆ ಗುಡ್ಡದ ಹೆಸರೂ ಬದಲಾಯ್ಸಿ, ಆಮೇಲೆ ನನ್ನ ಕೇಳು."

ಹುಡುಗಿ ಕ್ಯಾಮೆರಾ ಇಳಿಸಿರಲಿಲ್ಲ. ಇದರಿಂದ ಅವಳ ಕಂಪನಿ ಏನು ಮಾಡುತ್ತದೋ, ಊರಿಗೆ ಏನು ನಷ್ಟವೋ ನನಗೆ ತಿಳಿಯದು. ಬೈಯುವವರು ಬೈಯಲಿ, ನನ್ನ ಮನೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಅವಳು ಗುಡ್ಡದ ಕಡೆ ಒಮ್ಮೆ ನೋಡಿ ಕೇಳಿದಳು. "ಮೇಲೆ ಹತ್ತಿ ನೋಡಿ ಬಂದರು ಅಂದಿರಲ್ಲ ತಾತ, ನಿಮ್ಮ ಜೊತೆಯವರು. ಅವರನ್ನ ಏನಂತ ಹಾಕಲಿ?"

ತ್ಯಾಮಗೊಂಡ್ಲು ಎಂಬುದು ಅರ್ಧ ಬಾಯಿಂದ ಹೊರಬಿದ್ದಿತ್ತು, ಅಷ್ಟು ವರ್ಷದ ಅಭ್ಯಾಸ. ಉಳಿದರ್ಧ ನುಂಗಿದೆ. ಅವನು ಸಾಹೇಬರ ಎದುರು ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಲ್ಲಲು ನೋಡಿದೆ. ಬೆನ್ನು ಎಷ್ಟು ಕೇಳಿತೋ ಅಷ್ಟು.

ಅದು ಅವನ ಊರು ಕಣಮ್ಮ, ಅವನಲ್ಲ ಎಂದೆ. ಅವನ ಹೆಸರು ಗಂಗಹನುಮಯ್ಯ.